ಮಿಡತೆ ಹಿಡಿಯುವ ಬೇಟೆಹಕ್ಕಿಗಳು: ಕಸುಬು ಒಂದೇ, ಕುಲ ನಾಲ್ಕು

ಹಿಂದೂಪುರ ಮತ್ತು ಕಲ್ಯಾಣದುರ್ಗಗಳ ಸುತ್ತ ಹಬ್ಬಿರುವ ಮಳೆ ಕಡಿಮೆಯ ಬಯಲುಸೀಮೆಯಲ್ಲಿ ಕಡಲೆಕಾಯಿ ಹೊಲ, ಕುರುಚಲು, ಹುಲ್ಲುಗಾವಲು ಮತ್ತು ಬಂಡೆಗುಡ್ಡಗಳು ಒಂದಕ್ಕೊಂದು ತಾಗಿಕೊಂಡಿವೆ. ಮುಂಗಾರು ನೆಲವನ್ನು ನೆನೆಸಿದೊಡನೆ ಹುತ್ತಗಳಿಂದ ಈಸುಳ್ಳಿಗಳು ಏಳುತ್ತವೆ. ಹೊಲ ಹಸಿರೇರಿದಂತೆ ಕಂಬಳಿಹುಳುಗಳೂ ಮಿಡತೆಗಳೂ ಹೆಚ್ಚುತ್ತವೆ. ಕೀಟಗಳನ್ನೇ ಬಹುಮಟ್ಟಿಗೆ ನಂಬಿದ ಬೇಟೆಹಕ್ಕಿಗಳಿಗೆ ಇಂತಹ ನೆಲ ಒಗ್ಗುತ್ತದೆ.

ತಗ್ಗಿನ ಕೊಂಬೆಯಲ್ಲಿ ಕಾದು ಕುಳಿತು ನೆಲಕ್ಕೆರಗುವ ಬಿಳಿಗಣ್ಣಿನ ಗಿಡುಗ, ಗಾಳಿಯಲ್ಲಿ ಒಂದೆಡೆ ನಿಂತು ರೆಕ್ಕೆ ಬಡಿಯುತ್ತ ಕೆಳಗೆ ದಿಟ್ಟಿಸುವ ಚಾಣ, ಕಜಾಕಿಸ್ತಾನದ ಕಡೆಯಿಂದ ಚಳಿಗಾಲಕ್ಕೆ ಬಂದು ಹುಲ್ಲಿನ ಮೇಲೆ ತೇಲಿ ಮಿಡತೆ ಹಿಡಿಯುವ ಮಾಂಟೆಗ್ಯೂ ಸೆಳೆವ, ಮುಸ್ಸಂಜೆಯಲ್ಲಿ ಹೊರಡುವ ಹಾಲಕ್ಕಿ, ಹಿಡಿದುದನ್ನು ಮುಳ್ಳಿಗೆ ಚುಚ್ಚಿಡುವ ಕಳಿಂಗ ಇವೆಲ್ಲವೂ ಇದೇ ಕಸುಬಿನವು.

ಜೀವಿಗಳನ್ನು ವಿಂಗಡಿಸಿದ ನಿಸರ್ಗವಿಜ್ಞಾನಿ ಕಾರ್ಲ್ ಲಿನೇಯಸ್ 1758ರಲ್ಲಿ ಕೊಕ್ಕಿನ ಕೊಂಕನ್ನು ಮುಖ್ಯವಾಗಿ ಗಮನಿಸಿ ರಣಹದ್ದು, ಗಿಡುಗ, ಗೂಬೆಗಳ ಜೊತೆಗೆ ಕಳಿಂಗವನ್ನೂ 'ಆಕ್ಸಿಪಿಟ್ರೀಸ್' ಎಂಬ ಒಂದೇ ಗಣದಲ್ಲಿ ಇರಿಸಿದ್ದನು. ಗಣವೆಂದರೆ ಹಲವು ಕುಟುಂಬಗಳನ್ನು ಒಳಗೊಂಡ ದೊಡ್ಡ ವರ್ಗ. ಇಂದಿನ ವಿಂಗಡಣೆಯಲ್ಲಿ ಗಿಡುಗ ಮತ್ತು ಸೆಳೆವಗಳು ಆಕ್ಸಿಪಿಟ್ರಿಫಾರ್ಮಿಸ್, ಚಾಣ ಫಾಲ್ಕನಿಫಾರ್ಮಿಸ್, ಹಾಲಕ್ಕಿ ಸ್ಟ್ರಿಗಿಫಾರ್ಮಿಸ್, ಕಳಿಂಗ ಪ್ಯಾಸರಿಫಾರ್ಮಿಸ್ ಗಣಗಳಿಗೆ ಸೇರುತ್ತವೆ. ಚಾಣವನ್ನು ಗಿಡುಗದಿಂದ ಬೇರ್ಪಡಿಸಿದ್ದು ಅನುವಂಶಿಕ ಧಾತುವಾದ ಡಿಎನ್ಎಯ ಸಾಕ್ಷ್ಯ: 169 ಪಕ್ಷಿಪ್ರಭೇದಗಳನ್ನು ಹೋಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನವು ಚಾಣದ ಕುಲಕ್ಕೆ ಗಿಡುಗಗಳಿಗಿಂತ ಗಿಳಿಗಳೂ ಗುಬ್ಬಚ್ಚಿಯಂತಹ ಹಾಡುಹಕ್ಕಿಗಳೂ ಹತ್ತಿರದ ನೆಂಟರೆಂದು ತೋರಿಸಿತು.

ಹಾಗಿದ್ದರೆ ಈ ಹಕ್ಕಿಗಳಲ್ಲಿ ಹೋಲಿಕೆ ಬಂದುದೆಲ್ಲಿಂದ? ಬೇರೆ ಬೇರೆ ವಂಶಗಳು ಒಂದೇ ಬಗೆಯ ಬದುಕಿಗೆ ಹೊಂದಿಕೊಳ್ಳುತ್ತ ಒಂದೇ ಬಗೆಯ ಅಂಗಗಳನ್ನು ಪಡೆಯುವುದನ್ನು ಸಮಾಭಿಮುಖ ವಿಕಾಸ ಎನ್ನುತ್ತಾರೆ. ಚಾಣ ಮತ್ತು ಕಳಿಂಗಗಳೆರಡರ ಮೇಲ್ಗೊಕ್ಕಿನಲ್ಲೂ ಬೇಟೆಯ ಕತ್ತು ಮುರಿಯಲು ನೆರವಾಗುವ ಹಲ್ಲಿನಂತಹ ಚೂಪು ಇದ್ದು, ಗಿಡುಗವಾದರೋ ಬೇಟೆಯನ್ನು ಹೆಚ್ಚಾಗಿ ಉಗುರುಗಳಿಂದಲೇ ಕೊಲ್ಲುತ್ತದೆ.

ವಂಶದ ಭೇದ ಗೂಡಿನಲ್ಲೂ ಕಾಣುತ್ತದೆ. ಗಿಡುಗ ಮರದಲ್ಲಿ ಕಡ್ಡಿಗಳ ಗೂಡು ಕಟ್ಟಿದರೆ, ಚಾಣ ತಾನೇ ಕಟ್ಟದೆ ಬಂಡೆಯ ಸಂದನ್ನೋ ಇತರ ಹಕ್ಕಿಗಳು ಬಿಟ್ಟ ಗೂಡನ್ನೋ ಬಳಸುತ್ತದೆ. ಹಾಲಕ್ಕಿಗೆ ಹಳೆಯ ಮರದ ಪೊಟರೆ ಬೇಕು. ಚಳಿಗಾಲದ ಅತಿಥಿಯಾದ ಸೆಳೆವ ರಾತ್ರಿ ಕಳೆಯುವುದು ಹುಲ್ಲಿನ ನಡುವಿನ ನೆಲದ ಮೇಲೆ. ಆದುದರಿಂದ ಮಿಡತೆ ತಿನ್ನುವ ಇವೆಲ್ಲವೂ ಉಳಿಯಬೇಕಾದರೆ ಕೀಟಗಳಿರುವ ಹೊಲವೊಂದೇ ಸಾಲದು. ಬಂಡೆ, ಮುದಿಮರ, ಉಳುಮೆಯಾಗದ ಹುಲ್ಲುಬಯಲುಗಳೂ ಜೊತೆಗೇ ಉಳಿಯಬೇಕಾಗುತ್ತದೆ.