ನಿಮಗಿದು ಗೊತ್ತೆ? ಹಳೆಯ ದೂರದರ್ಶನ ಯಂತ್ರದ ಜೀರ್ಣೋದ್ಧಾರ
1946ರಲ್ಲಿ ಅಮೆರಿಕದ ಆರ್‌ಸಿಎ ಸಂಸ್ಥೆಯು ಮಾರುಕಟ್ಟೆಗೆ ತಂದ, 10 ಅಂಗುಲದ ಚಿತ್ರನಳಿಕೆಯುಳ್ಳ 630-ಟಿಎಸ್ ಎಂಬ ದೂರದರ್ಶನ ಯಂತ್ರದಲ್ಲಿ ಒಟ್ಟು 30 ನಿರ್ವಾತ ನಳಿಕೆಗಳಿದ್ದುವು. ಇಂತಹ ಯಂತ್ರವು ಕೆಟ್ಟು ಮೂಲೆ ಸೇರಿದಾಗ ದೋಷವೆಲ್ಲ ನಳಿಕೆಗಳದ್ದೇ ಎಂದು ಭಾವಿಸುವುದು ಸಹಜವಾದರೂ, ಅವು ಬಹುಮಟ್ಟಿಗೆ ದೀರ್ಘಾಯುಗಳು. ಕಾಲವಶದಿಂದ ಮೊದಲು ಜೀರ್ಣವಾಗುವುವು ಮೇಣ ಸವರಿದ ಕಾಗದದ ಕೆಪಾಸಿಟರುಗಳು, ಮತ್ತು ಒಳಗಿನ ದ್ರವವು ಆರಿಹೋದ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು. ದಶಕಗಳ ಕಾಲ ಮೌನವಾಗಿದ್ದ ಯಂತ್ರಕ್ಕೆ ಆತುರದಿಂದ ವಿದ್ಯುತ್ತನ್ನು ಹರಿಸಿದರೆ, ಇಂದು ಸುಲಭವಾಗಿ ದೊರೆಯದ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗಬಹುದೆಂಬುದನ್ನು ಅರಿತ ಕುಶಲಕರ್ಮಿಗಳು, ಮೊದಲು ಆ ಕೆಪಾಸಿಟರುಗಳನ್ನೆಲ್ಲ ಬದಲಿಸಿ, ಬಳಿಕವೇ ವೋಲ್ಟೇಜನ್ನು ಮೆಲ್ಲಮೆಲ್ಲನೆ ಏರಿಸುತ್ತಾರೆ. ಓದುಗರಲ್ಲಿ ಒಂದು ವಿಜ್ಞಾಪನೆ: ಗೋಡೆಯಿಂದ ತಂತಿಯನ್ನು ಕಿತ್ತ ಮೇಲೆಯೂ ಚಿತ್ರನಳಿಕೆಯಲ್ಲಿ ಸಾವಿರಾರು ವೋಲ್ಟುಗಳ ವಿದ್ಯುತ್ತು ಉಳಿದಿರಬಹುದಾದುದರಿಂದ, ಅನುಭವಿಗಳ ನೆರವಿಲ್ಲದೆ ಯಂತ್ರದ ಹಿಂಬದಿಯನ್ನು ತೆರೆಯದಿರಿ.