ಹಳೇ ವ್ಯಾನಿಗೆ ಹೊಸ ಬಣ್ಣ ಬೇಕೆ?

ಹೋದ ಬೇಸಿಗೆಯಲ್ಲಿ ಮಗಳ ಮನೆಗೆಂದು ಜರ್ಮನಿಯ ಹ್ಯಾನೋವರಿಗೆ ಹೋಗಿದ್ದೆ. ಪಕ್ಕದ ಮನೆಯ ಅಂಗಳದಲ್ಲಿ ಒಂದು ಹಳೇ ವ್ಯಾನು ನಿಂತಿತ್ತು. ಎರಡು ದುಂಡು ದೀಪ, ನಡುವೆ ‘ವಿ’ ಆಕಾರದ ಮೂತಿ, ಎರಡು ಹೋಳಿನ ಮುಂದಿನ ಗಾಜು. ಮುಖ ನೋಡಿದರೇ ನಗು ಬರುತ್ತಿತ್ತು. ಮೇಲೆ ಬಿಳಿ, ಕೆಳಗೆ ನೀಲಿ. ಆ ನೀಲಿ ಮಾತ್ರ ಬಿಸಿಲು ಮಳೆಗೆ ಮಾಸಿ, ಅಲ್ಲಲ್ಲಿ ಸವೆದು, ಒಳಗಿನ ಪ್ರೈಮರ್ ಇಣುಕುತ್ತಿತ್ತು.

“ಅಜ್ಜ, ಪೇಂಟ್ ಹೊಡೆಸೋಕೆ ಅವರ ಹತ್ರ ದುಡ್ಡಿಲ್ವಾ?” ಎಂದಳು ಮೊಮ್ಮಗಳು.

ಮಕ್ಕಳೇ, ಅದು ಫೋಕ್ಸ್‌ವ್ಯಾಗನ್ ವ್ಯಾನು. ಜರ್ಮನರು ಮುದ್ದಿನಿಂದ ‘ಬುಲ್ಲಿ’ ಎನ್ನುತ್ತಾರೆ. 1947ರಲ್ಲಿ ಬೆನ್ ಪಾನ್ ಎಂಬ ಡಚ್ ವ್ಯಾಪಾರಿ ತನ್ನ ನೋಟ್‌ಬುಕ್ಕಿನಲ್ಲಿ ಪೆಟ್ಟಿಗೆಯಂಥ ಒಂದು ಗಾಡಿಯ ಚಿತ್ರ ಗೀಚಿದ. 1950ರ ಮಾರ್ಚ್‌ನಿಂದ ಅದು ಕಾರ್ಖಾನೆಯಲ್ಲಿ ತಯಾರಾಗತೊಡಗಿತು. 1956ರಿಂದ ಇದೇ ಹ್ಯಾನೋವರಿನಲ್ಲಿ. ಎಂಜಿನ್ ಹಿಂದಿದೆ, ಗಾಳಿಯಿಂದಲೇ ತಣಿಯುತ್ತದೆ, ರೇಡಿಯೇಟರ್ ಇಲ್ಲ. ವೆಸ್ಟ್‌ಫಾಲಿಯಾ ಎಂಬ ಕಂಪನಿ ಒಳಗೆ ಹಾಸಿಗೆ, ಕಪಾಟು ಕೂರಿಸಿ ಅದನ್ನು ಓಡಾಡುವ ಮನೆಯಾಗಿಸಿತು. ಇಂಥ ಗಾಡಿಗಳಲ್ಲಿ 1960-70ರ ದಶಕದ ಯುರೋಪಿನ ತರುಣರು ಟರ್ಕಿ, ಇರಾನ್, ಅಫ್ಘಾನಿಸ್ತಾನ ದಾಟಿ ನಮ್ಮ ದೇಶಕ್ಕೂ ಬಂದಿದ್ದರು.

ಹಳೇ ಗಾಡಿಪ್ರಿಯರಲ್ಲಿ ಒಂದು ದೊಡ್ಡ ಜಗಳವಿದೆ. ಬಣ್ಣವನ್ನೆಲ್ಲ ಕೆರೆದು, ಟಿಂಕರಿಂಗ್ ಮಾಡಿಸಿ, ಕಾರ್ಖಾನೆಯಿಂದ ಈಗ ತಾನೇ ಬಂದಂತೆ ಮಾಡಬೇಕು ಎನ್ನುವವರು ಒಂದು ಕಡೆ. ಸವೆದದ್ದು ಸವೆದ ಹಾಗೆಯೇ ಇರಲಿ ಎನ್ನುವವರು ಇನ್ನೊಂದು ಕಡೆ. ಪಕ್ಕದ ಮನೆಯಲ್ಲೂ ಅದೇ. ಮಗನಿಗೆ ವ್ಯಾನು ಮಿಂಚಬೇಕು. ನನ್ನ ವಯಸ್ಸಿನ ಅಪ್ಪನಿಗೆ ಬೇಡ.

ಅದನ್ನು ಅವರ ತಂದೆ 1966ರಲ್ಲಿ ಕೊಂಡಿದ್ದರಂತೆ. ಪಕ್ಕದ ಬಾಗಿಲಿನ ಹಿಡಿಯ ಹತ್ತಿರ ಅಂಗೈಯಗಲ ಬಣ್ಣ ಹೋಗಿತ್ತು. ಯಜಮಾನರು ಅದರ ಮೇಲೆ ಕೈಯಿಟ್ಟು ಏನೋ ಹೇಳಿದರು. ಮಗಳು ಕನ್ನಡಕ್ಕೆ ತಿರುಗಿಸಿದಳು: “ಅವರ ಅಮ್ಮ ತಮ್ಮನನ್ನ ಸೊಂಟದ ಮೇಲೆ ಕೂರಿಸ್ಕೊಂಡು, ಇಲ್ಲಿ ಕೈ ಊರಿ ಬಾಗಿಲು ತೆಗೀತಿದ್ರಂತೆ.”

ಮೊಮ್ಮಗಳು ಸುಮ್ಮನಾದಳು.

ಹಾಗೆಂದು ಎಲ್ಲ ತುಕ್ಕೂ ನೆನಪಲ್ಲ. ಅವರು ಬಾಗಿಲ ಕೆಳಗಿನ ತಗಡಿಗೆ ಸ್ಕ್ರೂಡ್ರೈವರ್ ಒತ್ತಿದರು. ಹಪ್ಪಳದಂತೆ ಮುರಿದು ಒಳಗೇ ಹೋಯಿತು. ಗಾಡಿಗೆ ಬಲ ಕೊಡುವ ಭಾಗವದು. ಅಲ್ಲಿ ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ, ಟೊಳ್ಳಿನೊಳಗೆ ನೀರು ತಾಗದಂತೆ ಮೇಣ ಸಿಂಪಡಿಸಿದರು. ಬ್ರೇಕಿನ ಪೈಪು, ಟೈರು ಎಲ್ಲ ಹೊಸದು. ಜರ್ಮನಿಯಲ್ಲಿ 30 ವರ್ಷ ದಾಟಿ, ಮೂಲ ರೂಪದಲ್ಲೇ ಚೆನ್ನಾಗಿ ಉಳಿದ ಗಾಡಿಯ ನಂಬರಿನ ಕೊನೆಗೆ ‘ಎಚ್’ ಅಕ್ಷರ ಸಿಗುತ್ತದೆ. ಅಂಥ ಕಾರಿಗೆ ವರ್ಷಕ್ಕೆ ತೆರಿಗೆ 191 ಯೂರೋ 73 ಸೆಂಟ್. (ಬ್ಯಾಂಕಿನವನಿಗೆ ಚಿಲ್ಲರೆ ಮರೆಯುವುದಿಲ್ಲ!) ಸವೆದ ಬಣ್ಣಕ್ಕೆ ಅಲ್ಲಿ ಕ್ಷಮೆಯುಂಟು, ತೂತು ಬಿದ್ದ ತಗಡಿಗೆ ಇಲ್ಲ.

ಹೊಸ ತಗಡಿಗೆ ಅದೇ ನೀಲಿ ಬಳಿದರು. ಅದು ಎದ್ದು ಕಾಣುತ್ತದೆ, ಕಾಣಲಿ ಅಂದರು. ಕೆಲವರು ಹೊಸ ಬಣ್ಣವನ್ನು ಬೇಕೆಂದೇ ಉಜ್ಜಿ ಹಳೆಯದರಂತೆ ಮಾಡುತ್ತಾರಂತೆ. ಕೂದಲಿಗೆ ಬಿಳಿ ಬಳಿದುಕೊಂಡು ಅಜ್ಜ ಆದ ಹಾಗೆ! ನಮ್ಮ ಕಾಲದ ಲೆಡ್ಜರಿನಲ್ಲೂ ತಪ್ಪು ಬಿದ್ದರೆ ಅಳಿಸುವಂತಿರಲಿಲ್ಲ. ಒಂದು ಗೆರೆ ಹೊಡೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ತಿದ್ದಿದ್ದು ತಿದ್ದಿದ ಹಾಗೆ ಕಾಣಬೇಕು. ಅದಕ್ಕೇ ನನಗೆ ಅವರ ಕೆಲಸ ಮೆಚ್ಚಿಗೆಯಾಯಿತು. ಗಾಡಿಗೆ ಆಗಲೇ ನಾಲ್ಕು ಸಲ ಯಾರ್‍ಯಾರೋ ಬಣ್ಣ ಬಳಿದಿದ್ದರೆ ಮಾತು ಬೇರೆ; ಆಗ ಮಗನ ಮಾತೇ ಸರಿ.

ನಾನಂತೂ ಒಮ್ಮೆ ಮೋಸಹೋದವನು. ಅಪ್ಪನ ಸೈಕಲ್ಲಿನ ಚೈನ್ ಕವರಿನ ಮೇಲೆ ಅವರೇ ಬಿಳಿ ಬಣ್ಣದಲ್ಲಿ ಬರೆದುಕೊಂಡ ಹೆಸರಿತ್ತು. 1978ರಲ್ಲಿ, ಅವರಿಗೆ ಖುಷಿಯಾಗಲಿ ಎಂದು ಇಡೀ ಸೈಕಲ್ಲಿಗೆ ಕಪ್ಪು ಪೇಂಟ್ ಹೊಡೆಸಿ ತಂದೆ. “ಚೆನ್ನಾಗಿದೆ ಮಾರಾಯ” ಅಂದರು. ಆಮೇಲೆ ಹೆಸರಿದ್ದ ಜಾಗವನ್ನು ಬೆರಳಿನಿಂದ ಸವರಿದರು.

ಈ ಕಥೆ ಕೇಳಿದ ಮೊಮ್ಮಗಳು, ನಾನು ಶಿರಸಿಗೆ ಮರಳಿದ ಮೇಲೆ ಫೋನಿನಲ್ಲಿ ಕೇಳಿದಳು: “ಅಜ್ಜ, ಕೆರೆದು ನೋಡು, ಒಳಗೆ ಹೆಸರು ಇರಬಹುದು.” ಅಟ್ಟದಿಂದ ಸೈಕಲ್ ಇಳಿಸಿ, ಎಂಟಾಣೆ ಬಿಲ್ಲೆಯಿಂದ ಮೆಲ್ಲಗೆ ಕೆರೆದೆ. ಪೇಂಟಿನವನು ಮೊದಲೇ ಸ್ಯಾಂಡ್ ಪೇಪರ್ ಹಾಕಿ ಚೆನ್ನಾಗಿ ಉಜ್ಜಿದ್ದ. ಬರೀ ಕಬ್ಬಿಣ ಕಂಡಿತು.