ಮೂರು ಮನೆ, ಒಂದು ಕೋಟೆ

ದೇಶಾಟನವು ಚಾತುರ್ಯಕ್ಕೆ ಮೂಲಗಳಲ್ಲೊಂದೆಂದು ನಮ್ಮ ಸುಭಾಷಿತಕಾರರು ಎಣಿಸಿದ್ದಾರೆ. ಅವರ ಮನಸ್ಸಿನಲ್ಲಿದ್ದವನು ಒಂಟಿಯಾಗಿ ಹೊರಡುವ ವಿದ್ಯಾರ್ಥಿಯೋ ವರ್ತಕನೋ ಆಗಿರಬೇಕು. ಎಂಬತ್ತೊಂದು ವಯಸ್ಸಿನ ವೃದ್ಧೆಯಿಂದ ಮೊದಲುಗೊಂಡು ಆರು ವಯಸ್ಸಿನ ಬಾಲೆಯವರೆಗೆ ನಾಲ್ಕು ತಲೆಮಾರಿನವರು ಒಂದೇ ಗಂಟುಮೂಟೆಯೊಡನೆ ಪರದೇಶಕ್ಕೆ ಹೊರಟಾಗ ಬೇಕಾಗುವ ಚಾತುರ್ಯವು ಬೇರೆಯದೇ. ಈಚೆಗೆ ನಮ್ಮವರ ಮಕ್ಕಳು ಯುರೋಪು ಖಂಡದಲ್ಲಿ ಉದ್ಯೋಗದಲ್ಲಿರುವುದು ಸಾಮಾನ್ಯವಾಗಿದೆ. ಅವರನ್ನು ನೋಡಿ ಬರಲು ಹಿರಿಯರು ಹೋಗುವುದೂ ಸಾಮಾನ್ಯವಾಗಿದೆ. ಅಂತಹ ಕುಟುಂಬಗಳಿಗೆ ಪ್ರಯೋಜನವಾದೀತೆಂದು ಈ ಲೇಖನವನ್ನು ಬರೆಯುತ್ತಿರುವೆವು.

ನಮ್ಮ ತಂಡದಲ್ಲಿ ಏಳು ಜನ: ನಮ್ಮ ತಾಯಿಯವರು, ನಾವು, ನಮ್ಮ ಗೃಹಿಣಿ, ಮಗ, ಸೊಸೆ, ಒಂಬತ್ತು ವಯಸ್ಸಿನ ಮೊಮ್ಮಗ, ಆರು ವಯಸ್ಸಿನ ಮೊಮ್ಮಗಳು. ಮಗನ ವಾಸ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಬಳಿ. ಮಹಾನಗರಗಳ ಜನಸಂದಣಿಯಲ್ಲಿ ತಾಯಿಯವರನ್ನು ನಡೆಸುವುದು ಕಷ್ಟವೆಂದು ತಿಳಿದು, ಮೇ ತಿಂಗಳಿನ ಹತ್ತು ದಿನಗಳನ್ನು ಮೋಸೆಲ್ ನದಿಯ ದಂಡೆಯ ಸಣ್ಣ ಊರುಗಳಲ್ಲಿ ಕಳೆಯುವುದೆಂದು ನಿಶ್ಚಯಿಸಿದೆವು. ಈ ನದಿಯು ಫ್ರಾನ್ಸ್ ದೇಶದ ವೋಸ್ಜ್ ಬೆಟ್ಟಗಳಲ್ಲಿ ಹುಟ್ಟಿ, ಐನೂರು ಕಿಲೋಮೀಟರಿಗೂ ಮೀರಿ ಹರಿದು, ಕೊಬ್ಲೆಂಟ್ಸ್ ಪಟ್ಟಣದಲ್ಲಿ ರೈನ್ ನದಿಯನ್ನು ಕೂಡುವುದು. ಕೊನೆಯ ಭಾಗದಲ್ಲಿ ಅದು ಹಾವಿನಂತೆ ಸುತ್ತಿ ಬಳಸಿ ನಡೆಯುತ್ತದೆ. ಎರಡು ಮಗ್ಗುಲಲ್ಲಿಯೂ ಕಡಿದಾದ ಕರಿಕಲ್ಲಿನ ಇಳಿಜಾರು. ಅದರ ಮೇಲೆ ಸಾಲುಸಾಲಾಗಿ ದ್ರಾಕ್ಷಾವನ. ಬುಡದಲ್ಲಿ ಒಂದು ಊರು. ನೆತ್ತಿಯಲ್ಲಿ ಒಂದು ಕೋಟೆ. ಇದೇ ಅಲ್ಲಿಯ ನೋಟ.

ಕೊಖೆಂ ಎಂಬ ಊರಿನಲ್ಲಿ ಅಡಿಗೆಮನೆಯುಳ್ಳ ಒಂದು ಮನೆಯನ್ನು ಬಾಡಿಗೆಗೆ ಹಿಡಿದೆವು. ಇಲ್ಲಿಯ ಹಳೆಯ ಮನೆಗಳ ಕಟ್ಟಣೆಯು ನೋಡತಕ್ಕದ್ದು. ಓಕ್ ಮರದ ತೊಲೆಗಳನ್ನು ಉದ್ದಕ್ಕೂ ಅಡ್ಡಕ್ಕೂ ಓರೆಯಾಗಿಯೂ ಜೋಡಿಸಿ ಚೌಕಟ್ಟು ಮಾಡಿ, ನಡುವಣ ಸಂದುಗಳಲ್ಲಿ ಹೆಣೆದ ಕಡ್ಡಿ, ಹುಲ್ಲು, ಜೇಡಿಮಣ್ಣುಗಳನ್ನು ತುಂಬಿ, ಮೇಲೆ ಸುಣ್ಣ ಬಳಿಯುವರು. ಕೆಳಗಿನ ಅಂತಸ್ತಿಗಿಂತ ಮೇಲಿನದು ಬೀದಿಯ ಕಡೆಗೆ ಚಾಚಿಕೊಂಡಿರುವುದರಿಂದ ಎದುರುಬದುರಿನ ಮನೆಗಳು ಪರಸ್ಪರ ಮಾತನಾಡುವಂತೆ ತೋರುವುವು. ನದಿಯ ಬಳಿಯ ಗೋಡೆಗಳ ಮೇಲೆ ಆಯಾ ವರ್ಷದ ಪ್ರವಾಹವು ಎಲ್ಲಿಯವರೆಗೆ ಏರಿತೆಂಬುದಕ್ಕೆ ಗೆರೆಯೆಳೆದು ಇಸವಿಯನ್ನು ಬರೆದಿರುವರು. 1993ರ ಡಿಸೆಂಬರಿನ ಮಹಾಪೂರದ ಗೆರೆಯ ಕೆಳಗೆ ಮೊಮ್ಮಕ್ಕಳು ನಿಂತು ತಮ್ಮ ಎತ್ತರವನ್ನು ಅಳೆದುಕೊಂಡರು. ಕಷ್ಟವನ್ನು ಮರೆಯದೆ ಗೋಡೆಯ ಮೇಲೆಯೇ ಬರೆದಿಡುವ ಈ ಪದ್ಧತಿಯು ತಾಯಿಯವರಿಗೆ ಬಹಳ ಹಿಡಿಸಿತು.

ಊರಿನ ನೆತ್ತಿಯ ಕೋಟೆಯನ್ನು 1689ರಲ್ಲಿ ಫ್ರೆಂಚರು ಹಾಳುಗೆಡವಿದರು. ನೂರೆಂಬತ್ತು ವರ್ಷಗಳಷ್ಟು ಕಾಲ ಅದು ಪಾಳುಬಿದ್ದಿತ್ತು. 1868ರಲ್ಲಿ ಬರ್ಲಿನ್ನಿನ ವರ್ತಕ ಲೂಯಿ ರವೆನೆ ಎಂಬಾತನು ಆ ಪಾಳುಗೋಡೆಗಳನ್ನು ಕೊಂಡು ಹೊಸದಾಗಿ ಕಟ್ಟಿಸಿ, 1877ರ ವೇಳೆಗೆ ಪೂರೈಸಿದನು. ಈಗ ಅದು ಊರಿನವರ ಸ್ವತ್ತು. ಇನ್ನೊಂದು ದಿನ ರೈನ್ ದಂಡೆಯ ಬ್ರೌಬಾಖ್ ಎಂಬ ಊರಿಗೆ ಹೋಗಿ ಅಲ್ಲಿಯ ಮಾರ್ಕ್ಸ್‌ಬುರ್ಗ್ ಕೋಟೆಯನ್ನು ನೋಡಿದೆವು. ರೈನಿನ ಆ ಕಣಿವೆಯ ಬೆಟ್ಟದ ಕೋಟೆಗಳಲ್ಲಿ ಶತ್ರುಗಳಿಂದ ನಾಶವಾಗದೆ ಉಳಿದದ್ದು ಇದೊಂದೇ ಎಂದು ಹೇಳುವರು. 1899ರಲ್ಲಿ ಸ್ಥಾಪಿತವಾದ ಜರ್ಮನ್ ಕೋಟೆಗಳ ಸಂಘವು ಮರುವರ್ಷವೇ ಒಂದು ಸಾವಿರ ಮಾರ್ಕುಗಳಿಗೆ ಇದನ್ನು ಕೊಂಡು ಇಂದಿಗೂ ಕಾಪಾಡಿಕೊಂಡು ಬಂದಿದೆ. 1945ರ ಯುದ್ಧದಲ್ಲಿ ಎದುರುದಂಡೆಯ ಗುಂಡುಗಳಿಂದ ಆದ ಹಾನಿಯನ್ನೂ ಸರಿಪಡಿಸಿದೆ. ಅಲ್ಲಿಯ ದೊಡ್ಡ ಒಲೆಯ ಅಡಿಗೆಮನೆ, ಮಧ್ಯಯುಗದ ಔಷಧಿಸಸ್ಯಗಳ ತೋಟ, ಇವೆರಡನ್ನು ಬಿಟ್ಟು ಹೊರಬರಲು ನಮ್ಮ ಗೃಹಿಣಿಯವರಿಗೆ ಮನಸ್ಸಿರಲಿಲ್ಲ.

ಇಷ್ಟರಲ್ಲಿ ತಂಡದೊಳಗೆ ಭಿನ್ನಾಭಿಪ್ರಾಯಗಳು ತಲೆದೋರಿದುವು. ಮಗನು ದಿನಕ್ಕೊಂದು ಕೋಟೆಯಂತೆ ಪಟ್ಟಿಮಾಡಿದ್ದನು. ತಾಯಿಯವರಿಗೆ ಬೀದಿಯ ಉರುಟುಕಲ್ಲುಗಳ ಮೇಲೆ ಎರಡು ಫರ್ಲಾಂಗು ನಡೆದರೆ ಮಂಡಿ ನೋವು. ಮೊಮ್ಮಗನಿಗೆ ಕತ್ತಿ ಕವಚಗಳ ಹೊರತು ಬೇರಾವುದೂ ಬೇಡ. ಮೊಮ್ಮಗಳಿಗೆ ನದಿಯ ಹಂಸಗಳು ಸಾಕು. ಸೊಸೆಗಾದರೋ ಎಲ್ಲರ ಊಟ, ಉಡುಪು, ಔಷಧಿಗಳ ಹೊರೆ. ಮೂರನೆಯ ದಿನ ರಾತ್ರಿ ಮಾತು ತುಸು ಬಿರುಸಾಯಿತು. "ನನ್ನನ್ನು ಮನೆಯಲ್ಲಿ ಬಿಟ್ಟು ನೀವು ಹೋಗಿ ಬನ್ನಿ" ಎಂದು ತಾಯಿಯವರು ಹೇಳಿದಾಗ ಎಲ್ಲರೂ ಸುಮ್ಮನಾದೆವು. ಕೊನೆಗೆ ಸೊಸೆಯೇ ದಾರಿ ತೋರಿಸಿದಳು: ಬೆಳಗಿನ ಹೊತ್ತು ಅವರವರ ಶಕ್ತಿಯಿದ್ದಂತೆ ಬೇರೆ ಬೇರೆ ಹೋಗುವುದು, ಮಧ್ಯಾಹ್ನ ಒಂದು ಗೊತ್ತಾದ ಸ್ಥಳದಲ್ಲಿ ಸೇರುವುದು, ರಾತ್ರಿಯ ಊಟ ಮಾತ್ರ ಎಲ್ಲರೂ ಕೂಡಿಯೇ ಮಾಡುವುದು, ಅಡಿಗೆ ಸರದಿಯ ಪ್ರಕಾರ, ಗಂಡಸರೂ ಸೇರಿ. ಇದನ್ನು ಒಂದು ಕಾಗದದಲ್ಲಿ ಬರೆದು ಅಡಿಗೆಮನೆಯ ಬಾಗಿಲಿಗೆ ಅಂಟಿಸಿದಳು. ಮರುದಿನ ತಾಯಿಯವರು ಗೃಹಿಣಿಯೊಡನೆ ಬೈಲ್‌ಷ್ಟೈನ್ ಎಂಬ, ಇನ್ನೂರು ಜನರೂ ಇಲ್ಲದ ಪುಟ್ಟ ಊರಿಗೆ ಹೋಗಿ, ಹೊಳೆ ದಾಟಿಸುವ ದೋಣಿಯು ಬಂದು ಹೋಗುವುದನ್ನು ನೋಡುತ್ತ ಸುಖವಾಗಿ ಕುಳಿತು ಬಂದರು. ಅಂದಿನಿಂದ ಜಗಳವಿಲ್ಲ.

ಈ ಕಾಗದದ ನೆನಪು ಮನಸ್ಸಿನಲ್ಲಿರುವಾಗಲೇ ನಾವು ಎಲ್ಟ್ಸ್ ಕೋಟೆಗೆ ಹೋದದ್ದು. ಮೋಸೆಲ್‌ಕೆರ್ನ್ ಎಂಬ ರೈಲು ನಿಲ್ದಾಣದಲ್ಲಿ ಇಳಿದು ನಾವೂ ಮಗನೂ ಮೊಮ್ಮಗನೂ ತೊರೆಯ ಗುಂಟ ಕಾಡಿನ ಹಾದಿಯಲ್ಲಿ ಒಂದೂವರೆ ಗಂಟೆ ನಡೆದೆವು. ಉಳಿದವರು ಬಾಡಿಗೆ ಕಾರಿನಲ್ಲಿ ಮೇಲಿನ ರಸ್ತೆಯಿಂದ ಬಂದು, ಅಲ್ಲಿಂದ ಕೋಟೆಯವರೆಗೆ ಓಡಾಡುವ ಸಣ್ಣ ಬಸ್ಸಿನಲ್ಲಿ ಇಳಿದರು. ಕಾಡು ತೆರೆದೊಡನೆ ಕೋಟೆಯು ಒಮ್ಮೆಗೇ ಕಣ್ಣಿಗೆ ಬೀಳುವುದು. ಮೂರು ಕಡೆ ಎಲ್ಟ್ಸ್‌ಬಾಖ್ ತೊರೆಯು ಬಳಸಿದ, ಎಪ್ಪತ್ತು ಮೀಟರ್ ಎತ್ತರದ ಬಂಡೆ. ಅದರ ಮೇಲೆ ಒತ್ತೊತ್ತಾಗಿ ಎಂಟು ಗೋಪುರಗಳು. ಒಂದೊಂದೂ ಮೂವತ್ತರಿಂದ ನಲವತ್ತು ಮೀಟರ್. ಹಳೆಯ ಐನೂರು ಮಾರ್ಕಿನ ನೋಟಿನ ಹಿಂಬದಿಯಲ್ಲಿ ಇದೇ ಕೋಟೆಯ ಚಿತ್ರವಿತ್ತು.

ಈ ವಂಶದ ಹೆಸರು 1157ರ ಒಂದು ಶಾಸನಪತ್ರದಲ್ಲಿ ಮೊದಲು ಕಾಣಬರುವುದು. ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸನು ಕೊಟ್ಟ ಆ ಪತ್ರಕ್ಕೆ ಎಲ್ಟ್ಸ್ ಮನೆತನದ ರುಡಾಲ್ಫನು ಸಾಕ್ಷಿ. ಅಂದಿನಿಂದ ಇಂದಿನವರೆಗೆ, ಮೂವತ್ತಕ್ಕೂ ಹೆಚ್ಚು ತಲೆಮಾರುಗಳ ಕಾಲ, ಕೋಟೆಯು ಅದೇ ಮನೆತನದ ಕೈಯಲ್ಲಿದೆ. 1268ಕ್ಕೆ ಮೊದಲು ಎಲಿಯಾಸ್, ವಿಲ್ಹೆಲ್ಮ್, ಥಿಯೋಡೆರಿಖ್ ಎಂಬ ಮೂವರು ಸಹೋದರರಲ್ಲಿ ವ್ಯಾಜ್ಯ ಹುಟ್ಟಿ ಆಸ್ತಿಯೂ ಕೋಟೆಯೂ ಪಾಲಾದುವು. ಕೇಳಿದವರು ಇಲ್ಲಿಗೆ ಕತೆ ಮುಗಿಯಿತೆಂದುಕೊಳ್ಳಬಹುದು. ಆದರೆ ಅವರು ಕೋಟೆಯನ್ನು ಮಾರಲಿಲ್ಲ, ಬಿಟ್ಟು ಹೋಗಲೂ ಇಲ್ಲ. ಒಂದೇ ಅಂಗಳದ ಸುತ್ತ ಮೂರು ಮನೆಗಳಾಗಿ ಬಾಳತೊಡಗಿದರು. ಒಬ್ಬನ ಲಾಂಛನ ಹೊನ್ನಿನ ಸಿಂಹ, ಮತ್ತೊಬ್ಬನದು ಬೆಳ್ಳಿಯ ಸಿಂಹ, ಮೂರನೆಯವನದು ಕೋಣದ ಕೊಂಬು. ಅವರ ಸಂತತಿಯವರು ಮುಂದೆ ಶತಮಾನಗಳವರೆಗೆ ತಮತಮಗೆ ಬೇಕಾದಂತೆ ಕಟ್ಟುತ್ತ ಹೋದರು. ರ್‍ಯೂಬೆನಾಖ್ ಶಾಖೆಯ ಮನೆಯು 1472ರಲ್ಲಿ ಪೂರೈಸಿತು. ರೋಡೆನ್‌ಡಾರ್ಫ್ ಶಾಖೆಯದು ಮುಂದಿನ ಶತಮಾನದ ಪೂರ್ವಾರ್ಧದಲ್ಲಿ. ಕೆಂಪೆನಿಖ್ ಶಾಖೆಯದು ಹದಿನೇಳನೆಯ ಶತಮಾನದಲ್ಲಿ. ಒಟ್ಟು ನೂರಕ್ಕೂ ಮೀರಿದ ಕೋಣೆಗಳಲ್ಲಿ ನೂರರಷ್ಟು ಜನ ವಾಸವಾಗಿದ್ದರಂತೆ. ಇಂತಹ ಸಹದಾಯಾದರ ಕೋಟೆಗೆ ಜರ್ಮನ್ ಭಾಷೆಯಲ್ಲಿ ‘ಗಾನೆರ್ಬೆನ್‌ಬುರ್ಗ್’ ಎಂಬ ಪ್ರತ್ಯೇಕ ಹೆಸರೇ ಉಂಟು.

ಕೂಡಿ ಬಾಳುವುದಕ್ಕೆ ಅವರು ಬರವಣಿಗೆಯ ಕಟ್ಟಳೆಯನ್ನು ಮಾಡಿಕೊಂಡಿದ್ದರು. ಆ ಕಟ್ಟಳೆಗೆ ‘ಬುರ್ಗ್‌ಫ್ರೀಡೆನ್’, ಅಂದರೆ ಕೋಟೆಯ ಶಾಂತಿ, ಎಂದು ಹೆಸರು. ಹೊರಗೆ ಯಾವ ವೈರವಿದ್ದರೂ ಕೋಟೆಯ ಗೋಡೆಗಳೊಳಗೆ ಒಬ್ಬರ ಮೇಲೊಬ್ಬರು ಕೈ ಎತ್ತಬಾರದು. ಸಂಸ್ಕೃತ ಬಲ್ಲವರಿಗೆ ಈ ಮಾತು ಪರಕೀಯವಲ್ಲ. ‘ಬುರ್ಗ್’ ಎಂಬುದಕ್ಕೂ ನಮ್ಮ ‘ಬೃಹತ್’ ಶಬ್ದಕ್ಕೂ, ‘ಫ್ರೀಡೆನ್’ ಎಂಬುದಕ್ಕೂ ನಮ್ಮ ‘ಪ್ರಿಯ’, ‘ಪ್ರೀತಿ’ ಶಬ್ದಗಳಿಗೂ ಮೂಲ ಒಂದೇ ಎಂದು ಭಾಷಾಶಾಸ್ತ್ರಜ್ಞರು ಹೇಳುವರು. ಸಂಸ್ಕೃತದ ಕ್ರಿಯಾಪದಗಳನ್ನು ಗ್ರೀಕ್, ಲ್ಯಾಟಿನ್, ಪಾರಸಿ, ಜರ್ಮನ್ ಭಾಷೆಗಳವುಗಳೊಡನೆ ಹೋಲಿಸಿ 1816ರಲ್ಲಿ ಗ್ರಂಥವನ್ನು ಪ್ರಕಟಿಸಿದ ಫ್ರಾಂಟ್ಸ್ ಬೊಪ್ಪನು ಹುಟ್ಟಿದ್ದು ಇದೇ ರೈನ್ ದಂಡೆಯ ಮೈನ್ಸ್ ನಗರದಲ್ಲಿ, 1791ರಲ್ಲಿ.

ಕೋಟೆಯ ಒಳಗನ್ನು ಮಾರ್ಗದರ್ಶಕರೊಡನೆಯೇ ನೋಡಬೇಕು. ಮೆಟ್ಟಿಲುಗಳು ಬಹಳವಾದ್ದರಿಂದ ತಾಯಿಯವರು ಅಂಗಳದಲ್ಲಿಯೇ ಕುಳಿತರು. ಮೂರು ಶಾಖೆಗಳವರೂ ಸಮಾಲೋಚನೆಗೆ ಸೇರುತ್ತಿದ್ದ ವೀರರ ಸಭಾಶಾಲೆಯು ಕೋಟೆಯಲ್ಲೆಲ್ಲ ದೊಡ್ಡ ಕೋಣೆ. ಅಲ್ಲಿ ವಿದೂಷಕರ ಮುಖವಾಡಗಳನ್ನು ಕೆತ್ತಿರುವರು. ಸಭೆಯಲ್ಲಿ ಯಾರು ಏನನ್ನಾದರೂ ನಿರ್ಭಯವಾಗಿ ಆಡಬಹುದೆಂಬುದಕ್ಕೆ ಅದು ಗುರುತು. ಹೊರಹೋಗುವ ಬಾಗಿಲಿನ ಮೇಲೆ ಒಂದು ಗುಲಾಬಿ ಹೂವು. ಆಡಿದ ಮಾತು ಹೊಸ್ತಿಲು ದಾಟಬಾರದೆಂಬುದಕ್ಕೆ ಅದು ಗುರುತು. ಕುಟುಂಬದ ಮಾತುಕತೆಗೆ ಇದಕ್ಕಿಂತ ಉತ್ತಮವಾದ ನಿಯಮವನ್ನು ನಾವು ಯಾವ ನೀತಿಗ್ರಂಥದಲ್ಲಿಯೂ ಓದಿದ ನೆನಪಿಲ್ಲ.

ಕೋಟೆಗೆ ಅಪಾಯಗಳು ಬಾರದೆ ಇರಲಿಲ್ಲ. 1331ರಿಂದ 1336ರವರೆಗೆ ಟ್ರಿಯರಿನ ಆರ್ಚ್‌ಬಿಷಪ್ ಬಾಲ್ಡುಯಿನನು ಎದುರಿನ ದಿಬ್ಬದ ಮೇಲೆ ಮುತ್ತಿಗೆಯ ಕೋಟೆಯನ್ನು ಕಟ್ಟಿ ಕಾಡಿದನು. ಅದರ ಪಾಳು ಈಗಲೂ ಕಾಣುವುದು. ಹದಿನೇಳನೆಯ ಶತಮಾನದ ಕೊನೆಯ ಯುದ್ಧದಲ್ಲಿ ಸುತ್ತಣ ಕೋಟೆಗಳೆಲ್ಲ ಉರಿದಾಗ, ಫ್ರೆಂಚ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಇದೇ ಮನೆತನದವನೊಬ್ಬನ ಪ್ರಯತ್ನದಿಂದ ಇದು ಉಳಿಯಿತು. 1786ರಲ್ಲಿ ಒಂದು ಶಾಖೆಯು ನಿಂತುಹೋಯಿತು. 1815ರಲ್ಲಿ ಇನ್ನೊಂದರ ಭಾಗವನ್ನು ಹೊನ್ನಿನ ಸಿಂಹದ ಶಾಖೆಯವರು ಕೊಂಡರು. ಪಾಲಾದ ಕೋಟೆಯು ಹೀಗೆ ಐನೂರು ವರ್ಷಗಳಿಗೂ ಮೇಲ್ಪಟ್ಟು ಬಾಳಿ ಮತ್ತೆ ಒಂದಾಯಿತು.

ಈ ವಿಷಯದಲ್ಲಿ ನಮ್ಮ ನಾಡೇನೂ ಹಿಂದೆ ಬಿದ್ದಿರಲಿಲ್ಲ. ದಾಯಭಾಗದ ವಿಚಾರದಲ್ಲಿ ಭಾರತದ ಬಹುಭಾಗಕ್ಕೆ ಪ್ರಮಾಣವಾದ ಮಿತಾಕ್ಷರವನ್ನು ವಿಜ್ಞಾನೇಶ್ವರನು ಬರೆದದ್ದು ಕಲ್ಯಾಣದಲ್ಲಿ, 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ. ಎಲ್ಟ್ಸ್ ಮನೆತನದ ಹೆಸರು ಪತ್ರದಲ್ಲಿ ಕಾಣಿಸಿಕೊಳ್ಳುವುದಕ್ಕಿಂತ ಮೊದಲಿನ ಮಾತಿದು. ಅಣ್ಣತಮ್ಮಂದಿರು ಪಾಲಾಗುವಾಗಲೂ ಹಂಚಿಕೊಳ್ಳಬಾರದ ವಸ್ತುಗಳನ್ನು ನಮ್ಮ ಧರ್ಮಶಾಸ್ತ್ರಕಾರರು ಹೆಸರಿಸಿದ್ದಾರೆ. ನೀರಿನ ಬಾವಿ, ಹೋಗಿಬರುವ ದಾರಿ ಇವು ಅವುಗಳಲ್ಲಿ ಸೇರಿವೆ. ಆಸ್ತಿ ಒಡೆದರೂ ಮುಖಾಮುಖಿ ಭೇಟಿ ತಪ್ಪಬಾರದೆಂಬುದು ಅದರ ಫಲ.

ಇಷ್ಟು ವಿಸ್ತರಿಸಿ ಬರೆಯುವುದಕ್ಕೆ ಕಾರಣವುಂಟು. ಮಲೆನಾಡಿನಲ್ಲಿ ನಮ್ಮ ತಂದೆಯವರು ಬಿಟ್ಟುಹೋದ ಹಳೆಯ ಮನೆಯೊಂದಿದೆ. ಅಣ್ಣ, ನಾವು, ತಂಗಿ, ಮೂವರಿಗೂ ಅದರಲ್ಲಿ ಹಕ್ಕುಂಟು. 2005ರ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲೆಂಬುದನ್ನು ವಾಚಕರು ಬಲ್ಲರು. ಅಣ್ಣನವರದು ಮಾರಿಬಿಡೋಣವೆಂಬ ಅಭಿಪ್ರಾಯ, ತಂಗಿಯು ಒಪ್ಪಳು. ಎರಡು ವರ್ಷಗಳಿಂದ ಮಾತು ಕಡಿಮೆಯಾಗಿದೆ. ತಾಯಿಯವರು ನಮ್ಮೊಡನೆ ಪೇಟೆಯಲ್ಲಿದ್ದರೂ ಆ ಮನೆಯ ಬೀಗದ ಕೈಯನ್ನು ಸೆರಗಿನಿಂದ ಬಿಚ್ಚಿಲ್ಲ. ನಾವು ಮೇಲಿನಿಂದ ಇಳಿದುಬಂದಾಗ ಅವರು ಅಂಗಳದ ಸುತ್ತಲಿನ ಮೂರು ಮನೆಗಳನ್ನು ನೋಡುತ್ತ ಕುಳಿತಿದ್ದರು. ಮೊಮ್ಮಗನು ಮೂವರು ಸಹೋದರರ ಕತೆಯನ್ನು ತನಗೆ ತಿಳಿದಂತೆ ಮುತ್ತಜ್ಜಿಗೆ ಹೇಳಿದನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಲೆ ಮೂರಿದ್ದರೇನಪ್ಪಾ, ಅಂಗಳ ಒಂದೇ ಇದೆಯಲ್ಲ. ನೀವು ಮೂವರೂ ಕೂಡಿ ಬಂದು ಇದನ್ನು ನೋಡಬೇಕಾಗಿತ್ತು" ಎಂದರು.

ಹಿರಿಯರೊಡನೆ ಇಂತಹ ಪ್ರವಾಸ ಹೊರಡುವವರಿಗೆ ನಮ್ಮ ಅನುಭವದ ಕೆಲವು ಮಾತುಗಳು. ಊರೂರಿಗೆ ಬಿಡಾರ ಬದಲಾಯಿಸದೆ ಒಂದೆಡೆ ಮನೆಮಾಡಿ ಸುತ್ತಾಡುವುದು ಲೇಸು. ಅಕ್ಕಿ, ಹುಳಿಪುಡಿ, ಉಪ್ಪಿನಕಾಯಿ ಜೊತೆಗಿದ್ದರೆ ಉಳಿದ ತರಕಾರಿ ಹಾಲು ಮೊಸರುಗಳು ಅಲ್ಲಿ ಬೇಕಾದಷ್ಟು. ಮೇ ತಿಂಗಳಲ್ಲಿ ಬಿಳಿಯ ಆಸ್ಪರಾಗಸ್ ಎಂಬ ಎಳೆಯ ದಂಟು ವಿಶೇಷ. ಎಲ್ಟ್ಸ್ ಕೋಟೆಯು ಚಳಿಗಾಲದಲ್ಲಿ ಮುಚ್ಚಿರುವುದರಿಂದ ವಸಂತದಿಂದ ಶರತ್ಕಾಲದೊಳಗೆ ಹೋಗಬೇಕು. ಕೋಟೆಗಳ ಮೆಟ್ಟಿಲುಗಳು ವೃದ್ಧರಿಗೆ ಸಲ್ಲವು, ಅಂಗಳಗಳು ಸಲ್ಲುವುವು. ಎಲ್ಲಕ್ಕಿಂತ ಮಿಗಿಲಾಗಿ, ಹೊರಡುವ ಮೊದಲೇ ಯಾವುದು ಅವರವರ ಇಷ್ಟಕ್ಕೆ, ಯಾವುದು ಎಲ್ಲರಿಗೂ ಸೇರಿದ್ದು ಎಂಬುದನ್ನು ಬರೆದಿಟ್ಟುಕೊಳ್ಳತಕ್ಕದ್ದು. ಬಾಯಿಮಾತಿನ ಔದಾರ್ಯವು ಮೂರನೆಯ ದಿನಕ್ಕೆ ತೀರುವುದು.

ಊರಿಗೆ ಮರಳಿದ ಮೇಲೆ ಅಣ್ಣನವರಿಗೂ ತಂಗಿಗೂ ಒಂದು ಕಾಗದ ಬರೆದೆವು. ಮನೆಯೊಳಗೆ ಮೂವರಿಗೂ ಬೇರೆ ಬೇರೆ ಭಾಗ, ಅಡಿಗೆ ಅವರವರದು. ಅಂಗಳ, ಬಾವಿ, ಹೆಬ್ಬಾಗಿಲು ಮಾತ್ರ ಪಾಲಿಲ್ಲದೆ ಎಲ್ಲರದು. ವರ್ಷಕ್ಕೊಮ್ಮೆ ಎಲ್ಲರೂ ಅಲ್ಲಿ ಸೇರಿ ಲೆಕ್ಕಾಚಾರ ಮಾಡುವುದು. ಅಂದು ಯಾರು ಏನನ್ನು ಆಡಿದರೂ ಮಾತು ಹೊಸ್ತಿಲು ದಾಟಬಾರದು. ತಂಗಿಯು ಒಪ್ಪಿ ಬರೆದಿದ್ದಾಳೆ. ಅಣ್ಣನವರು ದೀಪಾವಳಿಗೆ ಆ ಮನೆಗೆ ಬರುವುದಾಗಿ ತಿಳಿಸಿದ್ದಾರೆ, ಬೇರೇನನ್ನೂ ಬರೆದಿಲ್ಲ. ತಾಯಿಯವರು ಆಗಲೇ ಬಾವಿಗೆ ಹೊಸ ಹಗ್ಗ ತರಿಸಿಟ್ಟಿದ್ದಾರೆ.